ನಾಲ್ಕು ಅಸೈನ್‌ಮೆಂಟ್, ನಾಲ್ಕರಲ್ಲೂ ಅರ್ಧ ಅಂಕ: ಈ ಟಿಪ್ಪಣಿಗಳ ಅರ್ಥವೇನು?

ನಾಲ್ಕುಕಡತ:
ಪದವಿಯ ಮೊದಲ ವರ್ಷ, ವಿಷಯಗಳು ಕಲಸುಮೇಲೋಗರ. ಉತ್ತರ ಯಾವುದೂ ಪೂರಾ ತಪ್ಪಲ್ಲ ಅಂದುಕೊಂಡಿದ್ದೆ. ಕೆಂಪು ಶಾಯಿಯಲ್ಲಿ ಬರೆದಿರುವುದು ಒಂದೊಂದೇ ಸಾಲು, ಅರ್ಥವಾಗುತ್ತಿಲ್ಲ.

ಕಾನೂನು: ಕಳೆದ ಕ್ಯಾಮೆರಾ ತಂದುಕೊಟ್ಟವರಿಗೆ 10,000 ರೂಪಾಯಿ ಎಂದು ಮಾಲೀಕ ಚೀಟಿ ಅಂಟಿಸಿದ್ದಾನೆ. ಚೀಟಿ ನೋಡದ ಒಬ್ಬ ತಂದುಕೊಟ್ಟು, ಆಮೇಲೆ ಚೀಟಿ ಕಂಡು ಹಣ ಕೇಳುತ್ತಾನೆ. ನಾನು ಲಾಲ್‌ಮನ್ ಶುಕ್ಲಾ ತೀರ್ಪು, ಕಾರ್ಲಿಲ್ ತೀರ್ಪು ಎರಡನ್ನೂ ವಿವರಿಸಿ "ಆದ್ದರಿಂದ ಸಿಗುವುದಿಲ್ಲ" ಎಂದೆ. ಟಿಪ್ಪಣಿ: "ಅನ್ವಯ ಎಲ್ಲಿ?"

ಭೌತಶಾಸ್ತ್ರ: ಸರಳ ಲೋಲಕ. ಉದ್ದ 80.0 ಸೆಂ.ಮೀ., 20 ಆಂದೋಲನಕ್ಕೆ 35.9 ಸೆಕೆಂಡು. ಜಿ (ಗುರುತ್ವ ವೇಗೋತ್ಕರ್ಷ) = 9.80214 ಮೀ/ಸೆ². ಟಿಪ್ಪಣಿ: "ಇಷ್ಟು ಅಂಕಿ ಎಲ್ಲಿಂದ ಬಂತು?"

ಸಮಾಜಶಾಸ್ತ್ರ: 120 ವಿದ್ಯಾರ್ಥಿಗಳ ಸಮೀಕ್ಷೆ. ಗುಂಪಾಗಿ ಓದುವ 60 ಜನರಲ್ಲಿ 42 ಮಂದಿಗೆ ಪ್ರಥಮ ದರ್ಜೆ, ಒಬ್ಬರೇ ಓದುವ 60 ಜನರಲ್ಲಿ 30 ಮಂದಿಗೆ. ಕೈ-ಸ್ಕ್ವೇರ್ (ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಪರೀಕ್ಷೆ) 8.33. "ಗುಂಪು ಓದಿನಿಂದ ಅಂಕ ಹೆಚ್ಚುತ್ತದೆ" ಎಂದು ಬರೆದೆ. ಟಿಪ್ಪಣಿ: "ಲೆಕ್ಕವೂ ತಪ್ಪು, ತೀರ್ಮಾನವೂ ತಪ್ಪು."

ಗಣಿತ: 2^ಎನ್ > ಎನ್² ಎಂಬುದನ್ನು ಇಂಡಕ್ಷನ್‌ನಿಂದ ಸಾಧಿಸಬೇಕಿತ್ತು. ಎನ್ = 1ಕ್ಕೆ ತಾಳೆ ನೋಡಿ, ಕೆ ಇಂದ ಕೆ+1ಕ್ಕೆ ಹೋಗಿ, ಎಲ್ಲ ಧನ ಪೂರ್ಣಾಂಕಗಳಿಗೂ ನಿಜ ಎಂದೆ. ಟಿಪ್ಪಣಿ: "3 ಹಾಕಿ ನೋಡಿ."

ಲೋಲಕ:
ಭೌತಶಾಸ್ತ್ರದ್ದು ಹೇಳುತ್ತೇನೆ. ಕ್ಯಾಲ್ಕುಲೇಟರ್ ತೋರಿಸಿದ್ದನ್ನೆಲ್ಲ ಇಳಿಸಿಕೊಂಡಿದ್ದೀರಿ. ನಿಮ್ಮ ಅಳತೆಗೆ ಅಷ್ಟು ತಾಕತ್ತಿಲ್ಲ.

ಸ್ಟಾಪ್‌ವಾಚ್ ಒತ್ತುವ ಕೈಯ ತಡವರಿಕೆ ಸುಮಾರು 0.2 ಸೆಕೆಂಡು ಎನ್ನೋಣ. 35.9ರಲ್ಲಿ ಅದು 0.56%. ಸೂತ್ರದಲ್ಲಿ ಅವಧಿ ವರ್ಗವಾಗಿ ಬರುವುದರಿಂದ ದುಪ್ಪಟ್ಟು, 1.11%. ಉದ್ದದಲ್ಲಿ 0.2 ಸೆಂ.ಮೀ. ಹೆಚ್ಚುಕಡಿಮೆ ಇದ್ದರೆ 0.25%. ಎರಡರ ವರ್ಗಗಳನ್ನು ಕೂಡಿಸಿ ಮೂಲ ತೆಗೆದರೆ 1.14%, ಅಂದರೆ 0.11. ಹಾಗಾಗಿ ಬರೆಯಬೇಕಾದದ್ದು 9.8 ± 0.1 ಮೀ/ಸೆ². ನಿಮ್ಮ 9.80214ರಲ್ಲಿ ಎರಡನೇ ಅಂಕಿಯೇ ಅಲ್ಲಾಡುತ್ತಿದೆ, ಅದರ ಬಲಗಡೆಯದ್ದೆಲ್ಲ ಅಲಂಕಾರ.

ಲೆಕ್ಕ ಮಾಡಿದ ಮೇಲೆ ದೊಡ್ಡ ಪಾಲು ಯಾರದ್ದು ಎಂದು ಒಂದು ಸಾಲು ಬರೆಯಿರಿ. ಇಲ್ಲಿ ಸಮಯದ್ದು. ಪರಿಹಾರವೂ ಅಲ್ಲೇ ಇದೆ: 50 ಆಂದೋಲನ ಎಣಿಸಿದರೆ ಸಮಯದ ಪಾಲು 0.45%ಕ್ಕೆ ಇಳಿಯುತ್ತದೆ. "ಮಾನವ ದೋಷದಿಂದ ವ್ಯತ್ಯಾಸ ಬಂದಿರಬಹುದು" ಎಂಬ ಸಾಲನ್ನು ಮಾತ್ರ ದಯವಿಟ್ಟು ಬರೆಯಬೇಡಿ, ಅದು ಏನನ್ನೂ ಹೇಳುವುದಿಲ್ಲ.

ಯಾವ ತಪ್ಪು ಯಾವ ಕಡೆಗೆ ಎಳೆಯುತ್ತದೆ ಎಂಬುದನ್ನೂ ತಿಳಿದಿರಿ. ಗುಂಡನ್ನು ಬಿಟ್ಟ ಕ್ಷಣವೇ "ಒಂದು" ಎಂದು ಎಣಿಸಿದರೆ 19 ಆಂದೋಲನವನ್ನು 20 ಎಂದು ತಿಳಿದಂತೆ, ಜಿ ಸುಮಾರು 10.9 ಬರುತ್ತದೆ. "ಸೊನ್ನೆ" ಎಂದು ಶುರುಮಾಡಬೇಕು. ಉದ್ದವನ್ನು ಗುಂಡಿನ ನಡುವಿಗೆ ಅಳೆಯದೆ ದಾರದ ತುದಿಗೆ ನಿಲ್ಲಿಸಿದರೆ, 1 ಸೆಂ.ಮೀ. ತ್ರಿಜ್ಯದ ಗುಂಡಿಗೆ ಜಿ 1.25% ಕಮ್ಮಿ. 20 ಡಿಗ್ರಿಯಿಂದ ಬಿಟ್ಟರೆ ಅವಧಿ 0.77% ಹಿಗ್ಗಿ ಜಿ 1.5% ಕುಗ್ಗುತ್ತದೆ, 10 ಡಿಗ್ರಿ ಒಳಗಿದ್ದರೆ ಚಿಂತೆಯಿಲ್ಲ.

ಅಡಿಟಿಪ್ಪಣಿ:
ಕಾನೂನು. ತೀರ್ಪು ಸರಿಯಾದದ್ದೇ ಹಿಡಿದಿದ್ದೀರಿ, ಆದರೆ ತೀರ್ಪಿನ ಕಥೆಗೂ "ಆದ್ದರಿಂದ"ಕ್ಕೂ ನಡುವೆ ಏನೂ ಇಲ್ಲ. ಕ್ಯಾಮೆರಾ, ಚೀಟಿ, ಯಾರು ಯಾವಾಗ ನೋಡಿದ ಎಂಬ ಮಾತುಗಳು ವಾದದ ಪ್ಯಾರಾದಲ್ಲಿ ಬಾರದಿದ್ದರೆ ಅದು ಅನ್ವಯವಲ್ಲ, ನೋಟ್ಸ್.

ಲಾಲ್‌ಮನ್ ಶುಕ್ಲಾ ವಿರುದ್ಧ ಗೌರಿ ದತ್ (ಅಲಹಾಬಾದ್ ಹೈಕೋರ್ಟ್, 1913) ಎರಡು ಕಾಲಿನ ಮೇಲೆ ನಿಂತಿದೆ. ಯಜಮಾನನ ಮನೆಯಿಂದ ಕಾಣೆಯಾದ ಹುಡುಗನನ್ನು ಹುಡುಕಿಕೊಟ್ಟ ಮುನೀಮನ ಕೇಸು ಅದು. ಹುಡುಗ ಸಿಕ್ಕಾಗ ಮುನೀಮನಿಗೆ 501 ರೂಪಾಯಿಯ ಬಹುಮಾನದ ವಿಷಯ ತಿಳಿದಿರಲಿಲ್ಲ. ಜೊತೆಗೆ, ಹುಡುಕಲು ಹೋಗಿದ್ದು ಅವನ ನೌಕರಿಯ ಕರ್ತವ್ಯವೇ ಆಗಿತ್ತು. ನಿಮ್ಮ ಪ್ರಶ್ನೆಯವನು ಯಾರ ನೌಕರನೂ ಅಲ್ಲ. ಎರಡನೆಯ ಕಾಲು ಇಲ್ಲಿಲ್ಲ, ಆ ವ್ಯತ್ಯಾಸವನ್ನು ನೀವೇ ಎತ್ತಿ ತೋರಿಸಬೇಕು. ಉಳಿದದ್ದು ಅರಿವಿನ ಪ್ರಶ್ನೆ: ಭಾರತೀಯ ಕರಾರು ಕಾಯ್ದೆ, 1872ರ 8ನೇ ಕಲಂ ಪ್ರಕಾರ ಪ್ರಸ್ತಾವದ ಷರತ್ತು ಪೂರೈಸುವುದೇ ಸ್ವೀಕಾರ, ಆದರೆ 2(ಬಿ) ಕೇಳುವುದು ಒಪ್ಪಿಗೆಯನ್ನು, ಗೊತ್ತೇ ಇಲ್ಲದ್ದಕ್ಕೆ ಒಪ್ಪಿದ ಎನ್ನುವುದು ಹೇಗೆ? ಕಾರ್ಲಿಲ್ ಬಳಸಬೇಕಾದದ್ದು ಇಲ್ಲಿ, ಅದೂ ಎದುರು ದಿಕ್ಕಿನಿಂದ. ಆ ಕೇಸಿನ ಶ್ರೀಮತಿ ಕಾರ್ಲಿಲ್, ಬಳಸಿಯೂ ಫ್ಲೂ ಬಂದರೆ ಹಣ ಕೊಡುತ್ತೇವೆ ಎಂಬ ಜಾಹೀರಾತನ್ನು ನಂಬಿಯೇ ಸ್ಮೋಕ್ ಬಾಲ್ ಎಂಬ ಔಷಧಿ ಕೊಂಡಿದ್ದಳು. ಅದು ಇಂಗ್ಲಿಷ್ ತೀರ್ಪು, ಇಲ್ಲಿ ಮನವೊಲಿಸಬಲ್ಲದೇ ಹೊರತು ಕಟ್ಟಿಹಾಕದು ಎಂದೂ ಒಂದು ಮಾತು ಸೇರಿಸಿ.

ಹೆಚ್ಚಿನವರು ಗಮನಿಸದೆ ಬಿಡುವುದು ಅದೇ ಕಾಯ್ದೆಯ 168ನೇ ಕಲಮನ್ನು. ಕಳೆದ ವಸ್ತು ಮರಳಿಸಿದರೆ ಇಂತಿಷ್ಟು ಬಹುಮಾನ ಎಂದು ಮಾಲೀಕ ಘೋಷಿಸಿದ್ದರೆ, ಸಿಕ್ಕವನು ಅದಕ್ಕಾಗಿ ದಾವೆ ಹೂಡಬಹುದು, ಹಣ ಸಿಗುವತನಕ ವಸ್ತುವನ್ನು ತಡೆಹಿಡಿಯಲೂಬಹುದು. ಮುನೀಮ ಹುಡುಕಿದ್ದು ಹುಡುಗನನ್ನು, ಕ್ಯಾಮೆರಾ ಸರಕು. ಆ ಕಲಮಿನ ಮಾತುಗಳಲ್ಲಿ ಅರಿವಿನ ಷರತ್ತಿಲ್ಲ.

ನಾಲ್ಕುಕಡತ:
ಹಾಗಾದರೆ ಸರಿ ಉತ್ತರ "ಸಿಗುತ್ತದೆ" ಅಂತಲಾ?

ಅಡಿಟಿಪ್ಪಣಿ:
ಎರಡು ಕಡೆಯೂ ವಾದ ನಿಲ್ಲುತ್ತದೆ. 168 ಸ್ವತಂತ್ರ ಹಕ್ಕು ಕೊಡುತ್ತದೆ ಎನ್ನಬಹುದು. ಅಥವಾ "ಬಹುಮಾನ ಘೋಷಣೆ" ಎಂಬುದೇ ಪ್ರಸ್ತಾವ, ಆದ್ದರಿಂದ ಸ್ವೀಕಾರದ ನಿಯಮಗಳನ್ನು ಜೊತೆಗಿಟ್ಟೇ ಓದಬೇಕು ಎನ್ನಬಹುದು. ಒಂದು ಪಕ್ಷ ಹಿಡಿದು, ಎದುರಿನದಕ್ಕೆ ಉತ್ತರ ಕೊಟ್ಟು ಮುಗಿಸಿ. ಇನ್ನೊಂದು ವಿಷಯ: ಅವನು ಕ್ಯಾಮೆರಾವನ್ನು ಆಗಲೇ ಕೊಟ್ಟಾಗಿದೆ, ತಡೆಹಿಡಿಯುವ ಹಕ್ಕು ಕೈಬಿಟ್ಟಿತು, ದಾವೆಯ ಹಕ್ಕಿನ ಬಗ್ಗೆ ಮಾತ್ರ ಬರೆಯಿರಿ.

ಸೊನ್ನೆಯಿಂದ:
ಗಣಿತದ್ದು ಚಿಕ್ಕದು, ಆದರೆ ಸೊಗಸಾದ ತಪ್ಪು. ಎನ್ = 3: 8 > 9 ಸುಳ್ಳು. 2ಕ್ಕೂ 4ಕ್ಕೂ ಎರಡು ಬದಿ ಸಮ. ನಿಮ್ಮ ಹೆಜ್ಜೆಯಲ್ಲಿ 2·2^ಕೆ > 2ಕೆ² ಆದಮೇಲೆ 2ಕೆ² ≥ (ಕೆ+1)² ಬೇಕು. ಅಂದರೆ (ಕೆ−1)² ≥ 2, ಅಂದರೆ ಕೆ ≥ 3. ಇದನ್ನು ಬರೆಯದೆ ದಾಟಿದ್ದೀರಿ. ಹೆಜ್ಜೆ 3ರಿಂದ ಗಟ್ಟಿ, ಆದರೆ ಅಲ್ಲಿ ಹೇಳಿಕೆಯೇ ಸುಳ್ಳು. ಹೇಳಿಕೆ 1ರಲ್ಲಿ ನಿಜ, ಆದರೆ ಅಲ್ಲಿ ಹೆಜ್ಜೆಗೆ ನೆಲವಿಲ್ಲ. ಎರಡೂ ಕೂಡುವ ಮೊದಲ ಜಾಗ 5: 32 > 25. ಅಲ್ಲಿಂದ ಶುರುಮಾಡಿ, "ಎನ್ ≥ 5" ಎಂದು ಬರೆದು, 1ನ್ನು ಬೇರೆಯಾಗಿ ಸೇರಿಸಿ.

ಮಾದರಿಗಾತ್ರ:
8.33 ಎಲ್ಲಿಂದ ಬಂತೆಂದು ನೋಡಿದ ಕೂಡಲೇ ತಿಳಿಯುತ್ತದೆ: 70, 30, 50, 50. ಶೇಕಡಾವಾರು ಹಾಕಿದ್ದೀರಿ! ಕೈ-ಸ್ಕ್ವೇರ್‌ಗೆ ತಲೆ ಎಣಿಕೆಯೇ ಬೇಕು, ಏಕೆಂದರೆ ಎಷ್ಟು ಜನ ಎಂಬುದೇ ಅದರ ಸಾಕ್ಷ್ಯದ ತೂಕ. ಶೇಕಡಾ ಹಾಕಿದರೆ ಪ್ರತಿ ಗುಂಪಿನಲ್ಲೂ 100 ಜನ ಇದ್ದಂತೆ ಲೆಕ್ಕವಾಗುತ್ತದೆ.

ಸರಿ ಲೆಕ್ಕ: ಒಟ್ಟು 72 ಪ್ರಥಮ ದರ್ಜೆ, 48 ಉಳಿದವು. ಪ್ರತಿ ಗುಂಪಿಗೂ ನಿರೀಕ್ಷಿತ 36 ಮತ್ತು 24. ನಾಲ್ಕು ಖಾನೆಯಲ್ಲೂ ವ್ಯತ್ಯಾಸ 6. 36/36 + 36/24 ಎರಡು ಬಾರಿ, ಒಟ್ಟು 5.0. ಸ್ವಾತಂತ್ರ್ಯದ ಮಟ್ಟ (ಡಿಗ್ರೀಸ್ ಆಫ್ ಫ್ರೀಡಂ) 1, 5%ರ ಗಡಿ 3.84, ದಾಟಿತು, 1%ರ ಗಡಿ 6.63, ದಾಟಲಿಲ್ಲ. ನಿಮ್ಮ 8.33 ಎರಡನ್ನೂ ದಾಟಿಬಿಟ್ಟಿತ್ತು, ತಪ್ಪಿನ ಬೆಲೆ ಅದೇ. ಯಾವುದೇ ಖಾನೆಯ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಮ್ಮಿಯಿದ್ದರೆ ಈ ಪರೀಕ್ಷೆ ಬಿಟ್ಟು ಫಿಶರ್ ಎಕ್ಸಾಕ್ಟ್ (ಚಿಕ್ಕ ಸಂಖ್ಯೆಗಳಿಗೆ ಒಗ್ಗುವ ಪರೀಕ್ಷೆ) ಮಾಡಿ. ನಂಟಿನ ಬಲಕ್ಕೆ ಫೈ ಕೊಡಿ: 5/120ರ ವರ್ಗಮೂಲ, 0.20. ದುರ್ಬಲ ನಂಟು.

ಇನ್ನು ತೀರ್ಮಾನ. ಗುಂಪಾಗಿ ಓದುವವರು ಮೊದಲೇ ಚೆನ್ನಾಗಿ ಓದುವವರಾಗಿರಬಹುದು, ತರಗತಿಗೆ ತಪ್ಪದೆ ಬರುವವರಾಗಿರಬಹುದು. ಹಿಂದಿನ ಸೆಮಿಸ್ಟರ್‌ನ ಅಂಕ ಕೇಳಿದ್ದರೆ ಅದೇ ಮಟ್ಟದವರನ್ನು ತಮ್ಮತಮ್ಮಲ್ಲೇ ಹೋಲಿಸಬಹುದಿತ್ತು. ಕೇಳಿಲ್ಲವಾದರೆ "ಗುಂಪು ಓದಿಗೂ ಪ್ರಥಮ ದರ್ಜೆಗೂ ನಂಟು ಕಂಡಿದೆ" ಎಂಬಲ್ಲಿಗೆ ನಿಲ್ಲಿಸಿ. ಫಾರ್ಮ್ ಲಿಂಕ್ ಎಷ್ಟು ಜನರಿಗೆ ಹೋಯಿತು, ಎಷ್ಟು ಮಂದಿ ತುಂಬಿದರು?

ನಾಲ್ಕುಕಡತ:
ಕ್ಲಾಸ್ ವಾಟ್ಸಾಪ್ ಗುಂಪುಗಳಿಗೆ ಹಾಕಿದ್ದೆ. ಎಷ್ಟು ಜನರಿಗೆ ಹೋಯಿತೆಂದು ಲೆಕ್ಕ ಇಟ್ಟಿಲ್ಲ.

ಮಾದರಿಗಾತ್ರ:
ಗುಂಪುಗಳ ಸದಸ್ಯರ ಸಂಖ್ಯೆ ಈಗಲೂ ಸಿಗುತ್ತದೆ, ಕೂಡಿಸಿ. ಒಬ್ಬರೇ ಎರಡು ಗುಂಪಿನಲ್ಲಿದ್ದರೆ ಒಮ್ಮೆ ಮಾತ್ರ ಎಣಿಸಿ. ವಿಧಾನದ ಭಾಗದಲ್ಲಿ "ಅನುಕೂಲ ಮಾದರಿ" (ಸುಲಭವಾಗಿ ಸಿಕ್ಕವರನ್ನೇ ಕೇಳಿದ್ದು) ಎಂದೇ ಹೆಸರಿಸಿ. "ಯಾದೃಚ್ಛಿಕ" ಎಂದು ಬರೆದಿದ್ದರೆ ಹೊಡೆದುಹಾಕಿ.