ಮೊದಲು ಯಾವ ಉಳಿಗಳನ್ನು ಕೊಳ್ಳಬೇಕು?

ಪ್ರಶ್ನೆ: ಪುಸ್ತಕದ ಕಪಾಟೊಂದನ್ನು ಮೊಳೆಯಿಲ್ಲದೆ, ಹಲಗೆಗಳಲ್ಲಿ ಕಚ್ಚು ಕೊರೆದು ಜೋಡಿಸಬೇಕೆಂದಿದ್ದೇನೆ. ಉಳಿಗಳ ಪೂರ್ಣ ಸೆಟ್ ಅಗತ್ಯವೇ?

ಉತ್ತರ 1: ಅಗತ್ಯವಿಲ್ಲ. 12 ಮತ್ತು 25 ಮಿಲಿಮೀಟರ್ ಅಗಲದ ಎರಡು ಒಳ್ಳೆಯ ಉಳಿಗಳು ಸಾಕು. ಹೊಸ ಉಳಿಯೂ ಸಾಮಾನ್ಯವಾಗಿ ಸಾಕಷ್ಟು ಹರಿತವಾಗಿರುವುದಿಲ್ಲವಾದ್ದರಿಂದ ಉಳಿದ ಹಣವನ್ನು ಸಾಣೆಕಲ್ಲಿಗೆ ಬಳಸಿ.

ಉತ್ತರ 2: ಸಾಣೆಯ ವಿಷಯದಲ್ಲಿ ದಯವಿಟ್ಟು ಅವಸರ ಬೇಡ. ಮೊದಲು ಉಳಿಯ ಬೆನ್ನನ್ನು, ಅಂದರೆ ಇಳಿಜಾರಿಲ್ಲದ ಚಪ್ಪಟೆ ಬದಿಯನ್ನು, ಅಂಚಿನ ಬಳಿ ಸಮತಟ್ಟಾಗಿಸಿ, ಬಳಿಕ ಇಳಿಜಾರು ಮುಖವನ್ನು 25ರಿಂದ 30 ಡಿಗ್ರಿ ಕೋನದಲ್ಲಿ ಹಿಡಿದು, ಬೆನ್ನಿನ ಕಡೆ ಲೋಹದ ಸಣ್ಣ ಏಣು ಮೂಡುವವರೆಗೆ 1000 ಗ್ರಿಟ್ (ಕಲ್ಲಿನ ನಯದ ಅಳತೆ) ಕಲ್ಲಿನ ಮೇಲೆ ಉಜ್ಜಿ, ಆ ಏಣನ್ನು ಇನ್ನೂ ನಯವಾದ ಕಲ್ಲಿನಲ್ಲಿ ತೆಗೆಯಬೇಕು. ಮೊಂಡು ಉಳಿಗೆ ಹೆಚ್ಚು ಬಲ ಹಾಕಬೇಕಾಗುವುದರಿಂದ ಅದು ಜಾರಿ ಗಾಯ ಮಾಡುವ ಸಂಭವವೇ ಹೆಚ್ಚು.

ಉತ್ತರ 3: ಹಲಗೆಯನ್ನು ಕ್ಲಾಂಪ್‌ನಿಂದ ಬಿಗಿದು, ಎರಡೂ ಕೈಗಳನ್ನು ಅಲಗಿನ ಹಿಂದೆಯೇ ಇಟ್ಟುಕೊಳ್ಳಿ.