ಹಾರ್ವರ್ಡ್ ಇರಲಿ, ಸಣ್ಣ ಕಾಲೇಜುಗಳ ಗತಿ ಏನು?

ತಿಪಟೂರು ತೆಂಗು: ಕಳೆದ ವರ್ಷ, 2025ರ ಏಪ್ರಿಲ್‌ನಲ್ಲಿ, ಟ್ರಂಪ್ ಸರ್ಕಾರ ಹಾರ್ವರ್ಡ್‌ನ 220 ಕೋಟಿ ಡಾಲರ್ ಅನುದಾನ ತಡೆಹಿಡಿದಾಗಿನಿಂದ ಎಲ್ಲರ ಬಾಯಲ್ಲೂ ಅದೇ ಮಾತು. ಸೆಪ್ಟೆಂಬರ್‌ನಲ್ಲಿ ಕೋರ್ಟು ಅದು ಕಾನೂನುಬಾಹಿರ ಅಂತಲೂ ಹೇಳಿತು. ಹಾರ್ವರ್ಡ್‌ಗೆ ಏನೂ ಆಗಲ್ಲ ಬಿಡಿ. ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು ನೋಡಿ. 1856ರಲ್ಲಿ ಶುರುವಾದದ್ದು, 2024ರ ಮೇ 31ಕ್ಕೆ ಬಾಗಿಲು ಹಾಕಿತು. ಆ ದಿನ ಅದರ ಬೇಸ್‌ಬಾಲ್ ತಂಡ ಓಹಾಯೊದಲ್ಲಿ ರಾಷ್ಟ್ರಮಟ್ಟದ ಟೂರ್ನಿ ಆಡ್ತಿತ್ತು. ಮರುದಿನ ಇಲ್ಲದ ಕಾಲೇಜಿನ ಹೆಸರಲ್ಲಿ ಒಂದು ಮ್ಯಾಚ್ ಗೆದ್ದೂ ಬಿಟ್ಟಿತು! ಅದೇ ಮೇ 31ಕ್ಕೇ ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್, ಇನ್ನೊಂದು ವಾರಕ್ಕೆ ಮುಚ್ಚುತ್ತೇವೆ ಅಂದಿತು. ಇದಕ್ಕೆ ರಾಜಕೀಯ ಕಾರಣ ಅಲ್ಲ, ಮಕ್ಕಳೇ ಕಮ್ಮಿ ಆಗಿದ್ದಾರೆ ಅನ್ನೋದು ನನ್ನ ವಾದ.

ಧಾರವಾಡದ ಮಾಸ್ತರ: ಅಲ್ರೀ, ಮಕ್ಕಳ ಮ್ಯಾಲೆ ಯಾಕ ಹಾಕ್ತೀರಿ? ವರ್ಷಕ್ಕ ನಲವತ್ತು-ಐವತ್ತು ಸಾವಿರ ಡಾಲರ್ ಫೀಸು ಇಟ್ರ ಯಾರು ಬರ್ತಾರ? ಆ ದೇಶದಾಗ ವಿದ್ಯಾರ್ಥಿಗಳ ಸಾಲನ 1.6 ಲಕ್ಷ ಕೋಟಿ ಡಾಲರ್ ದಾಟೇತಿ. ದುರಾಸೆ ಅಂತ ನೇರ ಹೇಳ್ರಿ.

ಓಹಾಯೊ ಅಕ್ಕ: ಮಾಸ್ತರರೇ, ಬೋರ್ಡಿನ ಮೇಲಿರೋ ಫೀಸು ನೋಡಿ ಲೆಕ್ಕ ಹಾಕಬೇಡಿ. ನಾನು ಇಂಥದ್ದೇ ಒಂದು ಸಣ್ಣ ಕಾಲೇಜಿನ ಅಡ್ಮಿಷನ್ ಆಫೀಸಲ್ಲಿ ಇದ್ದೀನಿ. ಖಾಸಗಿ ಕಾಲೇಜುಗಳು ಮೊದಲ ವರ್ಷದ ಮಕ್ಕಳಿಗೆ ಸರಾಸರಿ ಅರ್ಧಕ್ಕಿಂತ ಹೆಚ್ಚು ಫೀಸು ಬಿಟ್ಟುಕೊಡ್ತವೆ. ಹೆಸರು ಮಾತ್ರ ಸ್ಕಾಲರ್‌ಶಿಪ್. ಆಷಾಢದ ಸೀರೆ ಸೇಲ್ ಥರಾನೇ, ದರ ಏರಿಸಿ ಬರೆದು ಆಮೇಲೆ ಇಳಿಸೋದು. ಹಾಗಾಗಿ ಫೀಸು ದುಬಾರಿ ಅಂತ ಜನ ಬೈತಾರೆ, ಕೈಗೆ ಬರೋ ದುಡ್ಡು ಮಾತ್ರ ಬೆಳೆಯಲ್ಲ. ಇನ್ನು ಮಕ್ಕಳ ವಿಷಯ: ಅಮೆರಿಕದಲ್ಲಿ 2007ರಲ್ಲಿ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದ್ರು. 2008ರ ಆರ್ಥಿಕ ಹಿಂಜರಿತದ ನಂತರ ಆ ಸಂಖ್ಯೆ ಇಳೀತಾನೇ ಬಂತು. ಆ 2007ರ ಮಕ್ಕಳಿಗೆ 18 ತುಂಬಿದ್ದು 2025ರಲ್ಲಿ. ಮುಂದೆ ಬರೋ ಬ್ಯಾಚುಗಳು ಇನ್ನೂ ಚಿಕ್ಕವು. ಮಕ್ಕಳು ಡೆಪಾಸಿಟ್ ಕಟ್ಟಿ ಸೀಟು ಖಚಿತ ಮಾಡೋ ಮೇ 1 ಹತ್ತಿರ ಬಂದ್ರೆ ನಮ್ಮಲ್ಲಿ ಯಾರಿಗೂ ನಿದ್ದೆ ಇಲ್ಲ, ಡೆಪಾಸಿಟ್ ಎಷ್ಟು ಬಂತು ಅನ್ನೋದೊಂದೇ ಮಾತು.

ಧಾರವಾಡದ ಮಾಸ್ತರ: ಹಂಗಾರ ಬೋರ್ಡಿನ ಫೀಸ ಇಳಿಸ್ರಿ, ಮುಗೀತಲ್ಲ?

ತಿಪಟೂರು ತೆಂಗು: ಇಳಿಸಿ ನೋಡಿದ್ರು ಮಾಸ್ತರೇ. ಬರ್ಮಿಂಗ್‌ಹ್ಯಾಮ್-ಸದರ್ನ್ 2018ರಲ್ಲಿ ಫೀಸನ್ನ ಸುಮಾರು ಅರ್ಧಕ್ಕೇ ತಂದಿತ್ತು. ಅಷ್ಟೊತ್ತಿಗೆ ಕಟ್ಟಡ ಕಟ್ಟೋ ಹುಚ್ಚಿಗೆ ಮಾಡಿದ ಸಾಲ ತಲೆ ಮೇಲಿತ್ತು. ಕೊನೆಗೆ ರಾಜ್ಯದ ಹತ್ರ 3 ಕೋಟಿ ಡಾಲರ್ ಸಾಲ ಕೇಳಿತು, ಖಜಾನೆಯವರು ಕೊಡಲಿಲ್ಲ.

ಡಲ್ಲಾಸ್ ದೋಸೆ: ಸಾಲ ಕೊಡದೆ ಇದ್ದದ್ದೂ ರಾಜಕೀಯವೇ ಅಲ್ವಾ ಸಾರ್? ಊರಿನ ಮಕ್ಕಳು ಕಮ್ಮಿ ಆದ್ರೆ ಹೊರಗಿನವರಿಂದ ತುಂಬಿಸಬಹುದಿತ್ತು. 2024-25ರಲ್ಲಿ ಭಾರತದ ವಿದ್ಯಾರ್ಥಿಗಳೇ 3.63 ಲಕ್ಷ ಇದ್ರು. ಅಕ್ಕ ಹೇಳಿದ ರಿಯಾಯಿತಿಯೆಲ್ಲ ಬಿಎ ಮಕ್ಕಳಿಗೆ. ನಮ್ಮ ಮಾಸ್ಟರ್ಸ್ ಹುಡುಗರು ಹೆಚ್ಚಿನವರು ಬ್ಯಾಂಕ್ ಸಾಲ ಮಾಡಿ ಪೂರ್ತಿ ಕಟ್ಟೋರು. ಅಂಥವರಿಗೆ 2025ರ ಮೇ ಕೊನೆಯಿಂದ ಸುಮಾರು ಮೂರು ವಾರ ಹೊಸ ವೀಸಾ ಸಂದರ್ಶನದ ದಿನಾಂಕವನ್ನೇ ಕೊಡಲಿಲ್ಲ, ಅದೂ ಹೊರಡೋ ಸೀಸನ್‌ನಲ್ಲಿ. ಆಮೇಲೆ ಫೇಸ್‌ಬುಕ್, ಇನ್‌ಸ್ಟಾ ಎಲ್ಲ ತೆರೆದಿಡಿ ಅಂದ್ರು. ಇದೂ ಮಕ್ಕಳ ಲೆಕ್ಕಾನಾ?

ಓಹಾಯೊ ಅಕ್ಕ: ಒಪ್ಪಿದೆ ಡಲ್ಲಾಸ್, ಆದ್ರೆ ಆ ಏಟು ಬಿದ್ದಿದ್ದು ಮಾಸ್ಟರ್ಸ್ ನಡೆಸೋ ದೊಡ್ಡ ಕಡೆಗಳಿಗೆ. ನಮ್ಮಂಥ ಕಾಲೇಜಿಗೆ ನಿಮ್ಮ ಹುಡುಗರು ಬರ್ತಿದ್ದದ್ದೇ ಬೆರಳೆಣಿಕೆ.

ಜಯನಗರ 4ನೇ ಬ್ಲಾಕ್: ನಾನು ಬೆಂಗಳೂರಲ್ಲೇ ಕೂತು ಜಾರ್ಜಿಯಾ ಟೆಕ್‌ನ ಆನ್‌ಲೈನ್ ಮಾಸ್ಟರ್ಸ್ ಮಾಡ್ತಿದ್ದೀನಿ. 2014ರಿಂದ ಇದೆ, ಪೂರ್ತಿ ಕೋರ್ಸಿಗೆ ಏಳು ಸಾವಿರ ಡಾಲರ್ ಆಸುಪಾಸು. ನಡೆಸೋಕಾಗದ ಕಾಲೇಜು ಮುಚ್ಚಿದ್ರೆ ಏನ್ ನಷ್ಟ ಗುರು?

ಓಹಾಯೊ ಅಕ್ಕ: ಕೆಲಸದಲ್ಲಿರೋ ನಿಮಗೆ ಅದು ಸರಿ. ನ್ಯೂಯಾರ್ಕ್ ರಾಜ್ಯದ ಅರೋರಾ ಅನ್ನೋ ಪುಟ್ಟ ಊರಲ್ಲಿ ವೆಲ್ಸ್ ಕಾಲೇಜು 2024ರಲ್ಲಿ ಮುಚ್ಚಿತು. ಊರಿಗೆ ಕುಡಿಯೋ ನೀರು ಶುದ್ಧ ಮಾಡಿ ಕೊಡ್ತಿದ್ದ ಘಟಕ ಕಾಲೇಜಿನದ್ದೇ! ಆನ್‌ಲೈನ್ ಕೋರ್ಸು ನಲ್ಲಿಯಲ್ಲಿ ಬರುತ್ತಾ?

ಜಯನಗರ 4ನೇ ಬ್ಲಾಕ್: ಊರಿಗೆ ನೀರು ಕೊಡೋದು ಪಂಚಾಯ್ತಿ ಕೆಲಸ ಮೇಡಂ, ಕಾಲೇಜಿನದಲ್ಲ.

ಶಿವಮೊಗ್ಗದ ಅಮ್ಮ: ಜಗಳ ಆಮೇಲೆ ಆಡ್ಕೊಳ್ಳಿ. ಮಗಳಿಗೆ ಅಂಥದ್ದೊಂದು ಸಣ್ಣ ಕಾಲೇಜಿಂದ ಸೀಟು ಬಂದಿದೆ, ಅರ್ಧ ಫೀಸು ಮಾಫಿ ಅಂತೆ. ಏನು ವಿಚಾರಿಸಬೇಕು?

ಓಹಾಯೊ ಅಕ್ಕ: ಮಾಫಿ ನೋಡಿ ಹಿಗ್ಗಬೇಡಿ ಅಮ್ಮಾ, ಅದು ಹೆಚ್ಚುಕಮ್ಮಿ ಎಲ್ಲರಿಗೂ ಸಿಗುತ್ತೆ. ನಾಲ್ಕು ವರ್ಷವೂ ಸಿಗುತ್ತಾ ಅಂತ ಬರಹದಲ್ಲಿ ತಗೊಳ್ಳಿ. ಲಾಭಕ್ಕಲ್ಲದ ಕಾಲೇಜಾದ್ರೆ ಅದು ತೆರಿಗೆ ಇಲಾಖೆಗೆ ಕೊಡೋ ಫಾರ್ಮ್ 990 ಯಾರು ಬೇಕಾದ್ರೂ ನೋಡಬಹುದು. ಸತತವಾಗಿ ನಷ್ಟ ತೋರಿಸಿದ್ರೆ ಹುಷಾರು. ಮಾನ್ಯತೆ ಕೊಡೋ ಸಂಸ್ಥೆ ಎಚ್ಚರಿಕೆ ಕೊಟ್ಟಿದ್ಯಾ, ಅವರ ವೆಬ್‌ಸೈಟಲ್ಲಿ ಹುಡುಕಿ. ಕಾಲೇಜಿನ ಹೆಸರು ಇಲ್ಲಿ ಹಾಕಬೇಡಿ, ನನಗೆ ಮೆಸೇಜ್ ಮಾಡಿ, ರಾತ್ರಿ ನೋಡಿ ಹೇಳ್ತೀನಿ.