ಎಂಬಿಬಿಎಸ್ ಮಕ್ಕಳಿಗೆ ರೋಗಿ ಜೊತೆ ಮಾತಾಡೋದನ್ನ ಹೇಗೆ ಕಲಿಸ್ತೀರಿ?

ಹಡಪ್ಸರದ ಮೇಷ್ಟ್ರು:
ಪುಣೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. 2019ರ ಬ್ಯಾಚಿನಿಂದ ನಡವಳಿಕೆ, ನೀತಿ, ಸಂವಹನ ಅಂತ ಏಟ್‌ಕಾಮ್ ಪಾಠ ಬಂತಲ್ಲ, ಈ ವರ್ಷ ಅದು ನನ್ನ ತಲೆಗೆ ಬಿದ್ದಿದೆ. ಸ್ಲೈಡ್ ಹಾಕಿದರೆ ಹಿಂದಿನ ಬೆಂಚಿನವರು ಮೊಬೈಲ್ ತೆಗೆಯುತ್ತಾರೆ. ವಾರ್ಡಿಗೆ ಕರೆದೊಯ್ದರೆ ಫಾರ್ಮ್ ತುಂಬುವವರ ಹಾಗೆ ಕೇಳುತ್ತಾರೆ: ಜ್ವರ ಇದೆಯಾ, ಕೆಮ್ಮು ಇದೆಯಾ, ಶುಗರ್ ಇದೆಯಾ. ರೋಗಿ ಹೂಂ, ಇಲ್ಲ, ಅಷ್ಟೇ. ‘ಒಪಿಡಿಯಲ್ಲಿ ಟೈಮೆಲ್ಲಿದೆ ಸರ್’ ಅನ್ನುತ್ತಾರೆ. ಸಾಲು ನೋಡಿದರೆ ಅದೂ ಸುಳ್ಳಲ್ಲ. ಏನು ಮಾಡಲಿ?

ಪರೇಲ್ ಅಕ್ಕ:
ಮೊದಲು ಸ್ಲೈಡ್ ಬಿಡಿ ಸರ್. ನಾನು ಮುಂಬೈಯಲ್ಲಿ ಮೆಡಿಸಿನ್ ಕಲಿಸಿ ರಿಟೈರ್ ಆದವಳು. ವಾರ್ಡಿನ ಮೌಶಿಯರನ್ನೇ, ಅಂದರೆ ಆಯಾಗಳನ್ನೇ, ರೋಗಿ ಮಾಡಿ ಕೂರಿಸುತ್ತಿದ್ದೆ. (ಅದಕ್ಕೆ ದುಡ್ಡೂ ಕೊಡುತ್ತಿದ್ದೆ. ಸುಮ್ನೆ ದುಡಿಸಬಾರದು, ಅಲ್ವಾ?) ಅಮೆರಿಕದಲ್ಲಿ ಹೊವರ್ಡ್ ಬ್ಯಾರೋಸ್ ಅನ್ನುವ ಡಾಕ್ಟರು 1963ರಲ್ಲೇ ಹೀಗೆ ರೋಗಿಯ ಪಾತ್ರ ಮಾಡಿಸಿ ಕಲಿಸಲು ಶುರು ಮಾಡಿದ್ದರು. ಮೌಶಿಗೆ ಒಂದು ಗುಟ್ಟು ಹೇಳಿಡುತ್ತಿದ್ದೆ. ಬಂದಿರುವುದು ಹೊಟ್ಟೆನೋವಿಗೆ. ಆದರೆ ಅಣ್ಣ ಹೊಟ್ಟೆಯ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದಾನೆ, ಅದೇ ಭಯ. ‘ನಿಮಗೇನು ಅನ್ನಿಸ್ತಿದೆ?’ ಅಂತ ಕೇಳಿದವರಿಗೆ ಮಾತ್ರ ಅದನ್ನು ಹೇಳಬೇಕು. ಆಸಿಡಿಟಿ ಮಾತ್ರೆ ಬರೆದು ಎದ್ದ ಒಬ್ಬ ಹುಡುಗನಿಗೆ ಮೌಶಿ, ‘ನೀನು ನನ್ನ ಮುಖಾನೇ ನೋಡ್ಲಿಲ್ಲ ಮಗಾ’ ಅಂದರು. ಕ್ಲಾಸೆಲ್ಲ ಗಪ್‌ಚುಪ್.

ಟೈಮ್ ಇಲ್ಲ ಅನ್ನುವವರಿಗೆ ಲೆಕ್ಕ ಕೊಡಿ. 1984ರ ಅಮೆರಿಕದ ಅಧ್ಯಯನದಲ್ಲಿ ಡಾಕ್ಟರುಗಳು ಸರಾಸರಿ 18 ಸೆಕೆಂಡಿಗೇ ಮಧ್ಯೆ ಬಾಯಿ ಹಾಕಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತಡೆಯದೆ ಬಿಟ್ಟು ನೋಡಿದರು, ಅದು 2002ರಲ್ಲಿ ಪ್ರಕಟವಾಯಿತು. ಸರಾಸರಿ 92 ಸೆಕೆಂಡಿಗೆ ರೋಗಿಗಳೇ ಮಾತು ಮುಗಿಸಿದ್ದರು. ನಮ್ಮವರು ಸ್ವಲ್ಪ ಜಾಸ್ತಿ ಮಾತಾಡಬಹುದು, ಇರಲಿ. ಎರಡು ನಿಮಿಷ ಕೊಡಲಾರದ ಒಪಿಡಿ ಇದ್ದರೆ ಬೈಯಬೇಕಾದದ್ದು ಮಕ್ಕಳನ್ನಲ್ಲ.

ಡೊಂಬಿವಲಿ ಸೊಸೆ:
ನಾನು ಡಾಕ್ಟರ್ ಅಲ್ಲ, ಆದರೂ ಹೇಳುತ್ತೇನೆ. ನಮ್ಮತ್ತೆಗೆ ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ. ಹಾಗಾಗಿ ಡಾಕ್ಟರು ಎಲ್ಲವನ್ನೂ ನನ್ನನ್ನೇ ಕೇಳುತ್ತಾರೆ. ಬಿಪಿ ಯಾಕೆ ಇಳಿಯುತ್ತಿಲ್ಲ ಅಂತ ಯಾರಿಗೂ ತಿಳಿಯಲಿಲ್ಲ. ಒಂದು ದಿನ ಕಲಬುರಗಿ ಕಡೆಯ ನರ್ಸ್ ಒಬ್ಬರು ನನ್ನನ್ನು ಹೊರಗೆ ಕೂರಿಸಿ, ‘ಅಮ್ಮಾ, ಮಾತ್ರೆ ಹೆಂಗ್ ತಗೋತೀರಿ, ತೋರಸ್ರಿ’ ಅಂದರಂತೆ. ಮಗನ ದುಡ್ಡು ಉಳಿಯಲಿ ಅಂತ ಅತ್ತೆ ದಿನ ಬಿಟ್ಟು ದಿನ ನುಂಗುತ್ತಿದ್ದರು! ನನ್ನೆದುರು ಹೇಗೆ ಹೇಳುತ್ತಾರೆ? ನಿಮ್ಮ ನಾಟಕದಲ್ಲಿ ಒಬ್ಬ ಸೊಸೆಯನ್ನೂ ಇಡಿ ಸರ್.

ಹಡಪ್ಸರದ ಮೇಷ್ಟ್ರು:
ಸೊಸೆ ಪಾತ್ರ ಗ್ಯಾರಂಟಿ. ಮೌಶಿಗೆ ಕೊಡುವ ದುಡ್ಡಿಗೆ ಡೀನ್ ಸಹಿ ಬೇಕು, ಅದೊಂದು ತಲೆನೋವು. ಅಕ್ಕ, ಮಾರ್ಕ್ಸ್ ಯಾರು ಕೊಡುತ್ತಿದ್ದರು?

ಪರೇಲ್ ಅಕ್ಕ:
ಮೊದಲ ವರ್ಷದವರಿಗೆ ಮಾರ್ಕ್ಸೇ ಬೇಡ, ನಟಿಸಲು ಶುರು ಮಾಡುತ್ತಾರೆ. ಮೌಶಿಯನ್ನು ಇಷ್ಟು ಕೇಳಿ ಸಾಕು: ಮಾತು ಮುಗಿಸಲು ಬಿಟ್ಟನಾ, ಹೇಳಿದ್ದು ಅರ್ಥವಾಯಿತಾ, ಮತ್ತೆ ಇವನ ಹತ್ತಿರವೇ ಬರ್ತೀರಾ?